ಕಾರಿನ ಆಯಿಲ್ ಮನೆಯಲ್ಲೇ ಬದಲಿಸೋದಾ, ಗ್ಯಾರೇಜಿಗೆ ಕೊಡೋದಾ?

ಪ್ರಶ್ನೆ: ನನ್ನದು 2018ರ ಪೆಟ್ರೋಲ್ ಸ್ವಿಫ್ಟ್. 58,000 ಕಿ.ಮೀ. ಓಡಿದೆ. ವಾರಂಟಿ ಯಾವಾಗಲೋ ಮುಗಿದಿದೆ. ವರ್ಷಕ್ಕೆ ಏಳು ಸಾವಿರ ಕಿ.ಮೀ. ಓಡಿದರೆ ಜಾಸ್ತಿ. ಹೋದ ತಿಂಗಳು ಸರ್ವಿಸ್ ಸೆಂಟರಿನಲ್ಲಿ 6,260 ರೂಪಾಯಿ ಬಿಲ್ ಆಯಿತು. ಬಿಲ್ಲನ್ನೂ ಜೊತೆಗೆ ಕಳಿಸಿದ್ದೇನೆ. ಡಿಪ್ಲೊಮಾ ಓದುತ್ತಿರುವ ಮಗ ‘ಆಯಿಲ್ ಚೇಂಜ್ ತಾನೆ ಅಪ್ಪ, ವಿಡಿಯೋ ನೋಡ್ಕೊಂಡು ಮುಂದಿನ ಸಲ ಮನೇಲೇ ಮಾಡೋಣ’ ಅನ್ನುತ್ತಾನೆ. ಮನೆ ಮುಂದೆ ಸಿಮೆಂಟ್ ಹಾಕಿದ ಅಂಗಳ ಇದೆ. ಮಾಡಬಹುದಾ? ಎಷ್ಟು ಉಳಿಯುತ್ತದೆ? (ಹಾಸನದ ಓದುಗರೊಬ್ಬರು)

ಉತ್ತರ: ಮಾಡಬಹುದು. ನಿಮ್ಮ ಗಾಡಿಯಲ್ಲಿ ಇದು ಕಷ್ಟದ ಕೆಲಸವಲ್ಲ. ಕೈ ಪಳಗಿದವರಿಗೆ ಮುಕ್ಕಾಲು ಗಂಟೆ ಸಾಕು. ಮೊದಲ ಸಲ ಮಾಡುವವರು ಒಂದು ಬೆಳಗಿನ ಹೊತ್ತು ಪೂರ್ತಿ ಇಟ್ಟುಕೊಳ್ಳಬೇಕು. ಆದರೆ ದುಡ್ಡು ಉಳಿಸೋಕೆ ಅಂತಲೇ ಮಾಡುವುದಾದರೆ ಬೇಡ. ಉಳಿಯುವ ದುಡ್ಡು ಬೇರೆ ಕಡೆ ಇದೆ. ನೀವು ಕಳಿಸಿದ ಬಿಲ್ಲಿನಲ್ಲೇ ಇದೆ.

ಬಿಲ್ಲನ್ನು ಒಂದು ಸಲ ಬಿಡಿಸಿ ನೋಡೋಣ. ಆಯಿಲ್ 1,480. ಆಯಿಲ್ ಫಿಲ್ಟರ್ 115. ಹಳೆ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ವಾಷರ್ 15. ಮೂರೂ ಸೇರಿ 1,610 ರೂಪಾಯಿ. ಆಯಿಲ್ ಚೇಂಜಿಗೆ ಬೇಕಾದ ಸಾಮಾನು ಇಷ್ಟೇ. ಮಿಕ್ಕ 4,650 ರೂಪಾಯಿಯಲ್ಲಿ ಸರ್ವಿಸ್ ಲೇಬರ್ 1,900, ವೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 750, ಎಸಿ ಕ್ಲೀನಿಂಗ್ ಸ್ಪ್ರೇ 690, ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಭಾಗ) ಕ್ಲೀನಿಂಗ್ 600, ಎಂಜಿನ್ ಫ್ಲಶ್ (ಎಂಜಿನ್ನಿನ ಒಳಗಿನ ಕೊಳೆ ತೊಳೆಯುವ ದ್ರವ) 450, ಏರ್ ಫಿಲ್ಟರ್ 260.

ಏರ್ ಫಿಲ್ಟರ್ ಬದಲಿಸಿದ್ದು ಸರಿ. ಅಲೈನ್‌ಮೆಂಟ್ ಬಗ್ಗೆ ತಕರಾರಿಲ್ಲ. ಗಾಡಿ ಒಂದು ಕಡೆ ಎಳೆಯುತ್ತಿದ್ದರೆ, ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಮಾಡಿಸಲೇಬೇಕು. ಆದರೆ ಎಂಜಿನ್ ಫ್ಲಶ್ ಯಾಕೆ? ವರ್ಷ ವರ್ಷ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್ನಿಗೆ ಅದು ಬೇಕಿಲ್ಲ. ಕೊಳೆಯನ್ನು ಹಿಡಿದಿಟ್ಟುಕೊಂಡು ಆಚೆ ತರುವ ಡಿಟರ್ಜೆಂಟ್ ಒಳ್ಳೆ ಆಯಿಲಿನಲ್ಲೇ ಇರುತ್ತದೆ. ಎಸಿ ವಾಸನೆ ಬರುತ್ತಿಲ್ಲ ಅಂದಮೇಲೆ ಸ್ಪ್ರೇ ಯಾಕೆ? ಗಾಡಿ ನಿಂತಿರುವಾಗ ಎಂಜಿನ್ ಓಟ ಏರಿಳಿಯುತ್ತಿಲ್ಲ, ತಾನಾಗಿ ಬಂದ್ ಬೀಳುತ್ತಿಲ್ಲ ಅಂದರೆ ಥ್ರಾಟಲ್ ಬಾಡಿ ಮುಟ್ಟುವ ಅಗತ್ಯವೇ ಇಲ್ಲ. ಈ ಮೂರಕ್ಕೆ 1,740 ರೂಪಾಯಿ. ಆಯಿಲು, ಫಿಲ್ಟರು, ವಾಷರು ಮೂರರ ಬೆಲೆಗಿಂತ ಜಾಸ್ತಿ! ಜಾಬ್ ಕಾರ್ಡಿಗೆ ಸಹಿ ಹಾಕುವಾಗ ‘ಈ ಮೂರು ಬೇಡ’ ಅಂದಿದ್ದರೆ ಆ ದುಡ್ಡು ನಿಮ್ಮ ಜೇಬಿನಲ್ಲೇ ಇರುತ್ತಿತ್ತು. ಒಂದು ಸ್ಪ್ಯಾನರ್ ಕೂಡ ಹಿಡಿಯಬೇಕಿರಲಿಲ್ಲ.

ಈಗ ಮನೆಯಲ್ಲಿ ಮಾಡುವ ಲೆಕ್ಕ. ನಿಮ್ಮ ಊರಿನಂಥ ಊರಲ್ಲಿ ಪರಿಚಯದ ಗ್ಯಾರೇಜಿಗೆ ಆಯಿಲು, ಫಿಲ್ಟರು ನೀವೇ ತಂದುಕೊಟ್ಟರೆ ಕೂಲಿ 200ರಿಂದ 300 ರೂಪಾಯಿ. ಮನೆಯಲ್ಲಿ ಮಾಡಿದರೆ ಉಳಿಯುವುದು ಈ ಕೂಲಿ ಮಾತ್ರ. ಅದಕ್ಕೆ ಏನೇನು ಬೇಕು? ಒಳ್ಳೆ ಟ್ರಾಲಿ ಜಾಕಿ, ಒಂದು ಜೊತೆ ಜಾಕ್ ಸ್ಟ್ಯಾಂಡ್, ರಿಂಗ್ ಸ್ಪ್ಯಾನರ್, ಫಿಲ್ಟರ್ ಬಿಚ್ಚುವ ರೆಂಚ್, ಆಯಿಲ್ ಹಿಡಿಯುವ ಅಗಲದ ಟ್ರೇ, ಆಲಿಕೆ, ಕೈಗವಸು, ಸಾಧ್ಯವಾದರೆ ಬಿಗಿತ ಅಳೆಯುವ ಟಾರ್ಕ್ ರೆಂಚ್. ಎಷ್ಟೇ ಚೌಕಾಸಿ ಮಾಡಿದರೂ ಏಳು ಸಾವಿರದ ಹತ್ತಿರ ಹೋಗುತ್ತದೆ. ವರ್ಷಕ್ಕೊಂದು ಸಲ 250 ರೂಪಾಯಿ ಉಳಿಸಿದರೆ ಈ ಅಸಲು ಹುಟ್ಟಲು 28 ವರ್ಷ ಬೇಕು. ಅಷ್ಟು ವರ್ಷ ಆ ಗಾಡಿ ಇಟ್ಟುಕೊಳ್ಳುವವರು ಯಾರು?

ನಿಮ್ಮ ಮಗ ನೋಡಿರುವ ವಿಡಿಯೋಗಳು ಹೆಚ್ಚಾಗಿ ಅಮೆರಿಕದವು ಇರಬಹುದು. ಅಲ್ಲಿ ಲೆಕ್ಕವೇ ಬೇರೆ. ಕೂಲಿ ದುಬಾರಿ. ಮನೆಗೊಂದು ಗ್ಯಾರೇಜು ಇರುತ್ತದೆ. ಹಳೆ ಆಯಿಲನ್ನು ಕ್ಯಾನಿಗೆ ತುಂಬಿಕೊಂಡು ಹೋದರೆ ಆಟೋಝೋನ್, ಒ’ರೈಲಿಯಂಥ ದೊಡ್ಡ ಬಿಡಿಭಾಗದ ಅಂಗಡಿಗಳು ಪುಕ್ಕಟೆ ತೆಗೆದುಕೊಳ್ಳುತ್ತವೆ. ಅಲ್ಲಿರುವ ನಮ್ಮ ಕನ್ನಡದವರು ಮನೆಯಲ್ಲೇ ಆಯಿಲ್ ಬದಲಿಸಿದರೆ ಅದರಲ್ಲಿ ಅರ್ಥ ಇದೆ. ಹಾಸನದಲ್ಲಿ ಕೂಲಿ ಅಗ್ಗ, ಹಳೆ ಆಯಿಲ್ ತೆಗೆದುಕೊಳ್ಳುವ ಅಂಗಡಿ ಸುಲಭಕ್ಕೆ ಸಿಗುವುದಿಲ್ಲ. ವಿಡಿಯೋದಲ್ಲಿ ಕಾಣದ ವ್ಯತ್ಯಾಸ ಇದು.

ಹಾಗಾದರೆ ನಾನು ಏನು ಹೇಳುತ್ತೇನೆ? ಆಯಿಲು, ಫಿಲ್ಟರು, ವಾಷರು ನೀವೇ ಕೊಳ್ಳಿ. ನಂಬಿಕೆಯ ಗ್ಯಾರೇಜಿಗೆ ಹೋಗಿ. ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರಿ. ಮಗನನ್ನೂ ಕರೆದುಕೊಂಡು ಹೋಗಿ. ಎರಡು ಸಾವಿರದ ಒಳಗೆ ಮುಗಿಯುತ್ತದೆ, ಕೆಲಸ ಹೇಗೆ ಆಯಿತು ಅನ್ನುವುದೂ ಕಣ್ಣಾರೆ ಗೊತ್ತಾಗುತ್ತದೆ.

ಕೊಳ್ಳುವಾಗ ಹೇಗೆ ಅನ್ನುವುದು ಮುಖ್ಯ. ಗಾಡಿಯ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್ ತೆಗೆಯಿರಿ. ಯಾವ ಗ್ರೇಡ್, ಎಷ್ಟು ಲೀಟರ್ ಅಂತ ಅದರಲ್ಲಿದೆ. ನಿಮ್ಮ 1.2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಫಿಲ್ಟರ್ ಸಮೇತ ಮೂರು ಲೀಟರಿನ ಆಸುಪಾಸು ಹಿಡಿಯುತ್ತದೆ. ಅಂಗಡಿಯವರು ‘ನಮ್ಮ ಕಡೆ ಬಿಸಿಲು ಜಾಸ್ತಿ, ಸ್ವಲ್ಪ ದಪ್ಪ ಆಯಿಲ್ ಹಾಕಿ ಸಾರ್’ ಅಂತ 20ಡಬ್ಲ್ಯು-40 ಕೊಡಲು ಬರುತ್ತಾರೆ. ಒಪ್ಪಬೇಡಿ. ಹಳೆ ಕಾಲದ ಎಂಜಿನ್ನುಗಳಿಗೆ ಅದು ಸರಿ ಇತ್ತು. ಈಗಿನ ಎಂಜಿನ್ನುಗಳಲ್ಲಿ ಬೇರಿಂಗಿನ ಸಂದು ಸಣ್ಣದು, ಆಯಿಲ್ ಹರಿಯುವ ದಾರಿಯೂ ಸಣ್ಣದು. ಅದಕ್ಕೇ ತೆಳು ಆಯಿಲ್ ಕೇಳುತ್ತವೆ.

ಡಬ್ಲ್ಯು ಅಕ್ಷರದ ಎಡಗಡೆಯ ಅಂಕಿ ಎಂಜಿನ್ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಅಂಕಿ ಚಿಕ್ಕದಾದಷ್ಟೂ ಬೇಗ ಹರಿಯುತ್ತದೆ. ಬಲಗಡೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಅದು ಎಷ್ಟು ಮಂದ ಅನ್ನುವುದಕ್ಕೆ. ಎಂಜಿನ್ ಕಾದಮೇಲೆ ಒಳಗಿನ ಆಯಿಲಿನ ಬಿಸಿ ಆ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹೊರಗೆ ಬಳ್ಳಾರಿಯ ಮೇ ತಿಂಗಳಿರಲಿ, ಮಡಿಕೇರಿಯ ಡಿಸೆಂಬರ್ ಇರಲಿ, ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಹಾಗಾಗಿ ನಮ್ಮ ಬಿಸಿಲನ್ನು ನೋಡಿ ಗ್ರೇಡ್ ಬದಲಿಸುವ ಅಗತ್ಯ ಇಲ್ಲ. ಮಾರುತಿಯ ಕೆ ಸರಣಿ ಎಂಜಿನ್ನುಗಳಿಗೆ ವರ್ಷ, ಮಾದರಿ ನೋಡಿಕೊಂಡು 5ಡಬ್ಲ್ಯು-30, 0ಡಬ್ಲ್ಯು-20, ತೀರಾ ಹೊಸವಕ್ಕೆ 0ಡಬ್ಲ್ಯು-16 ಬರುತ್ತದೆ. ನಿಮ್ಮ ಪುಸ್ತಕ ಯಾವುದು ಹೇಳುತ್ತದೋ ಅದೇ ತನ್ನಿ. ಡಬ್ಬದ ಹಿಂದೆ, ಆಯಿಲಿನ ಗುಣಮಟ್ಟ ಹೇಳುವ ಎಪಿಐ ದರ್ಜೆಯನ್ನೂ ನೋಡಿ. 2020ರಿಂದ ಬಂದಿರುವ ಎಸ್‌ಪಿ ಅನ್ನುವ ದರ್ಜೆ ನಿಮ್ಮ ಪೆಟ್ರೋಲ್ ಗಾಡಿಗೆ ಧಾರಾಳ.

ನಕಲಿ ಆಯಿಲ್ ಬಗ್ಗೆ ಹುಷಾರು. ಒಳ್ಳೆ ಕಂಪನಿಯ ಖಾಲಿ ಡಬ್ಬಗಳು ಗುಜರಿಗೆ ಹೋಗುತ್ತವೆ. ಅಲ್ಲಿಂದ ಕೆಲವು ನಕಲಿ ಮಾಡುವವರ ಕೈ ಸೇರುತ್ತವೆ. ಅದಕ್ಕೇ ಕಂಪನಿಯ ಅಧಿಕೃತ ಮಾರಾಟಗಾರರ ಹತ್ತಿರ, ಬಿಲ್ ಹಾಕಿಸಿಕೊಂಡು ಕೊಳ್ಳಿ. ಮುಚ್ಚಳದ ಸೀಲ್ ನೋಡಿ. ಕೆಲಸ ಮುಗಿದ ಮೇಲೆ ಖಾಲಿ ಡಬ್ಬವನ್ನು ಕತ್ತರಿಸಿ ಅಥವಾ ತೂತು ಮಾಡಿ ಗುಜರಿಗೆ ಹಾಕಿ. ನಮ್ಮ ಐಟಿಐ ಹುಡುಗರಿಗೆ ನಾನು ಮೊದಲ ವಾರವೇ ಕಲಿಸುವ ಅಭ್ಯಾಸ ಇದು. ಬೇರೆ ಯಾರದೋ ಎಂಜಿನ್ ಉಳಿಯುತ್ತದೆ.

ಗ್ಯಾರೇಜಿನಲ್ಲಿ ನಿಂತು ಏನು ನೋಡಬೇಕು? ಹೇಳುತ್ತೇನೆ, ಯಾಕೆಂದರೆ ಸುಮ್ನೆ ಫೋನ್ ನೋಡುತ್ತಾ ನಿಂತರೆ ಪ್ರಯೋಜನ ಇಲ್ಲ.

ಎಂಜಿನ್ ಸ್ವಲ್ಪ ಬೆಚ್ಚಗಿರಬೇಕು. ಮನೆಯಿಂದ ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಬೇಕಾದಷ್ಟು ಕಾದಿರುತ್ತದೆ. ತುಂಬಾ ಸುಡುತ್ತಿದ್ದರೆ ಹತ್ತು ನಿಮಿಷ ಬಿಡಿ. ಬಾನೆಟ್ ಎತ್ತಿ ಆಯಿಲ್ ತುಂಬುವ ಮುಚ್ಚಳ ತೆಗೆದಿರಲಿ, ಗಾಳಿ ಆಡಿದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ. ಚೇಂಬರ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಕೆಳಗಿನ ಡ್ರೈನ್ ಬೋಲ್ಟ್ ತೆಗೆದ ಕೂಡಲೇ ಆಯಿಲ್ ಧಾರೆಯಾಗಿ ಸುರಿಯುತ್ತದೆ. ಎರಡು ಮೂರು ನಿಮಿಷಕ್ಕೆ ಅದು ಸಣ್ಣಗಾಗುತ್ತದೆ. ಅವಸರದ ಗ್ಯಾರೇಜಿನಲ್ಲಿ ಅಷ್ಟಕ್ಕೇ ಬೋಲ್ಟ್ ಹಾಕಿಬಿಡುತ್ತಾರೆ. ಬಿಡಬೇಡಿ. ಹನಿ ಹನಿಯಾಗಿ, ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಎಣಿಸುವಷ್ಟು ಹೊತ್ತು ಬರುವ ತನಕ ಕಾಯಿರಿ. ಹತ್ತು ಹದಿನೈದು ನಿಮಿಷ ಬೇಕು. ಕೊನೆಗೆ ಬರುವುದೇ ತಳದ ಕೊಳೆ. ಅದು ಒಳಗೇ ಉಳಿದರೆ ಹೊಸ ಆಯಿಲ್ ಹಾಕಿದ ದಿನವೇ ಕಪ್ಪಾಗುತ್ತದೆ.

ಕೆಲವರು ಕಂಪ್ರೆಸರಿನ ಗಾಳಿ ಹೊಡೆದು ಹಳೆ ಆಯಿಲ್ ಆಚೆ ತಳ್ಳುತ್ತೇವೆ ಅನ್ನುತ್ತಾರೆ. ಬೇಡ ಅನ್ನಿ. ಗ್ಯಾರೇಜಿನ ಕಂಪ್ರೆಸರಿನಲ್ಲಿ ನೀರಿನ ಅಂಶ ಇರುತ್ತದೆ, ಧೂಳೂ ಇರುತ್ತದೆ. ಕಾದರೆ ತಾನೇ ಇಳಿಯುವ ಆಯಿಲಿಗೆ ಗಾಳಿ ಯಾಕೆ?

ಮುಂದೆ ಫಿಲ್ಟರ್. ಹಳೆಯದನ್ನು ಬಿಚ್ಚಿದ ಮೇಲೆ ಅದರ ಬಾಯಿ ನೋಡಿ. ಕಪ್ಪು ರಬ್ಬರ್ ರಿಂಗ್ ಅದರಲ್ಲೇ ಇದೆಯಾ? ಒಮ್ಮೊಮ್ಮೆ ಆ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಗೊತ್ತಾಗದೆ ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಕೂರುತ್ತವೆ. ಗಾಡಿ ಸ್ಟಾರ್ಟ್ ಮಾಡಿದಾಗ ಸರಿಯಾಗೇ ಕಾಣುತ್ತದೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಒತ್ತಡಕ್ಕೆ ಒಂದು ರಿಂಗ್ ಜಾರಿ, ಇರುವ ಆಯಿಲೆಲ್ಲ ರಸ್ತೆಗೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಕಂಡ ಮೇಲೂ ‘ಮನೆ ಹತ್ತಿರಾನೇ ಇದೆ’ ಅಂತ ಓಡಿಸಿದರೆ ಎಂಜಿನ್ ಕಥೆ ಮುಗಿಯಿತು. ಹಳೆ ಫಿಲ್ಟರನ್ನು ತಿರುಗಿಸಿ ರಿಂಗ್ ಇದೆಯಾ ಅಂತ ನೋಡುವ ಕೆಲಸಕ್ಕೆ ಐದು ಸೆಕೆಂಡು ಸಾಕು. ನಾನು ನೋಡಿದ ಒಳ್ಳೆ ಮೆಕ್ಯಾನಿಕ್‌ಗಳೆಲ್ಲ ಅದನ್ನು ಬಿಟ್ಟವರಲ್ಲ.

ಹೊಸ ಫಿಲ್ಟರಿನ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಬೇಕು. ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಅಷ್ಟು ಸಾಕು. ರೆಂಚ್ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚುವಾಗ ಫಿಲ್ಟರ್ ಹರಿದುಬರುತ್ತದೆ.

ಡ್ರೈನ್ ಬೋಲ್ಟ್ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಹೊಸ ವಾಷರ್ ಹಾಕಿ, ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಬೇಕು. ಕೈಗೆ ಬಾರದಿದ್ದರೆ ಥ್ರೆಡ್ ಅಡ್ಡ ಕೂತಿದೆ ಅಂತ ಅರ್ಥ. ತೆಗೆದು ಮತ್ತೆ ಕೂರಿಸಬೇಕು. ಕೊನೆಗೆ ಸ್ಪ್ಯಾನರಿನಲ್ಲಿ ಹದವಾಗಿ ಬಿಗಿದರೆ ಆಯಿತು. ಈ ಗಾತ್ರದ ಕಾರುಗಳಲ್ಲಿ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್ ಟಾರ್ಕ್ ಇರುತ್ತದೆ. ಉದ್ದದ ಪೈಪ್ ಸಿಕ್ಕಿಸಿ ಇಡೀ ಮೈಭಾರ ಹಾಕುವ ಕೆಲಸವಲ್ಲ ಇದು. ಹಾಗೆ ಬಿಗಿದು ಬಿಗಿದು ಥ್ರೆಡ್ ಹೋದ ಚೇಂಬರುಗಳು ನಮ್ಮ ವರ್ಕ್‌ಶಾಪಿಗೆ ಬರುತ್ತಲೇ ಇರುತ್ತವೆ. ಹದಿನೈದು ರೂಪಾಯಿ ವಾಷರ್ ಉಳಿಸಲು ಹೋಗಿ, ಸೋರಿಕೆ ನಿಲ್ಲಲಿ ಅಂತ ಇನ್ನಷ್ಟು ಬಿಗಿದು, ಕೊನೆಗೆ ಚೇಂಬರನ್ನೇ ಬದಲಿಸುವುದು. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಹೊಸ ಆಯಿಲ್ ಸೀಲ್ ನಿಮ್ಮ ಕಣ್ಣ ಮುಂದೆ ಒಡೆಯಲಿ. ಒಮ್ಮೆಲೇ ಪೂರ್ತಿ ಸುರಿಯಬಾರದು. ಎರಡೂವರೆ ಲೀಟರ್ ಹಾಕಿ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿ, ಆಮೇಲೆ ಸ್ವಲ್ಪ ಸ್ವಲ್ಪ. ಒಂದು ನಿಮಿಷ ಎಂಜಿನ್ ಓಡಿಸಿ, ಆಯಿಲ್ ದೀಪ ಆರಿತಾ ನೋಡಿ, ಬಂದ್ ಮಾಡಿ. ಐದು ನಿಮಿಷ ಬಿಟ್ಟು, ಸಮತಟ್ಟು ಜಾಗದಲ್ಲಿ ಮತ್ತೆ ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿ. ಎರಡು ಗುರುತಿನ ನಡುವೆ, ಮೇಲಿನ ಗುರುತಿನ ಹತ್ತಿರ ಇರಬೇಕು. ‘ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ’ ಅನ್ನುವವರಿದ್ದಾರೆ. ಅಲ್ಲ. ಜಾಸ್ತಿಯಾದರೆ ಎಂಜಿನ್ನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಬೇರಿಂಗನ್ನು ಕಾಪಾಡುವುದಿಲ್ಲ. ಮಿಕ್ಕ ಆಯಿಲ್ ಇರುವ ಡಬ್ಬ ನಿಮ್ಮದು, ಡಿಕ್ಕಿಯಲ್ಲಿ ಇಟ್ಟುಕೊಂಡು ಬನ್ನಿ.

ಗಾಡಿ ಮೇಲೆತ್ತಿರುವಾಗಲೇ ಬ್ರೇಕ್ ಪ್ಯಾಡ್ ಸವೆದಿದೆಯಾ, ಆಕ್ಸಲ್ಲಿನ ರಬ್ಬರ್ ಬೂಟ್ ಹರಿದಿದೆಯಾ, ಎಲ್ಲಾದರೂ ಆಯಿಲ್ ಒಸರುತ್ತಿದೆಯಾ ಅಂತ ಮೆಕ್ಯಾನಿಕ್‌ಗೆ ನೋಡಲು ಹೇಳಿ. ಅದಕ್ಕೆ ಇನ್ನೊಂದು ನೂರು ಇನ್ನೂರು ಕೊಟ್ಟರೂ ಸರಿ. ಸರ್ವಿಸ್ ಸೆಂಟರಿನ 1,900 ರೂಪಾಯಿ ಲೇಬರಿನಲ್ಲಿ ಈ ತಪಾಸಣೆಯ ಪಾಲೂ ಇರುತ್ತದೆ. ಅದನ್ನು ಪೂರ್ತಿ ದಂಡ ಅಂತ ನಾನು ಹೇಳಲಾರೆ. ಆಯಿಲ್ ಮಾತ್ರ ಬದಲಿಸಿಕೊಂಡು ಬ್ರೇಕನ್ನು ಯಾರೂ ನೋಡದೆ ಎರಡು ವರ್ಷ ಓಡಿಸುವುದು ಯಾವ ಉಳಿತಾಯವೂ ಅಲ್ಲ.

ಇಷ್ಟಾದ ಮೇಲೂ ಮಗ ‘ನಾನೇ ಮಾಡ್ತೀನಿ’ ಅಂದರೆ ಸಂತೋಷ. ಕಲಿಯುವ ಆಸೆಗೆ ಅಡ್ಡ ಹಾಕಬೇಡಿ. ಡಿಪ್ಲೊಮಾ ಓದುವ ಹುಡುಗ ಕೈಗೆ ಆಯಿಲ್ ಹತ್ತಿಸಿಕೊಂಡು ಕಲಿತರೆ ಪುಸ್ತಕದಲ್ಲಿ ಓದಿದ್ದು ತಲೆಗೆ ಹೋಗುತ್ತದೆ. ಮೇಲೆ ಹೇಳಿದ ಕ್ರಮವೇ ಮನೆಗೂ ಸಾಕು. ಆದರೆ ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಜಾಕಿಯ ಮೇಲೆ ನಿಂತಿರುವ ಗಾಡಿಯ ಕೆಳಗೆ ಯಾರೂ ಹೋಗಬಾರದು. ಒಂದು ಕೈ ಕೂಡ ಹೋಗಬಾರದು. ಗಾಡಿಯ ಜೊತೆ ಬರುವ ಜಾಕಿ ಇರುವುದು ಚಕ್ರ ಬದಲಿಸಲು ಮಾತ್ರ. ಹೈಡ್ರಾಲಿಕ್ ಜಾಕಿಯ ಸೀಲ್ ಯಾವಾಗ ಬೇಕಾದರೂ ಸೋಲಬಹುದು. ನಿಮ್ಮ ಗಾಡಿಯ ತಳಕ್ಕೂ ನೆಲಕ್ಕೂ ಇರುವ ಅಂತರ 163 ಮಿ.ಮೀ. ಅಷ್ಟರಲ್ಲಿ ಮನುಷ್ಯ ಮಲಗಿ ಕೆಲಸ ಮಾಡಲು ಆಗುವುದಿಲ್ಲ, ಹಾಗಾಗಿ ಎತ್ತಲೇಬೇಕು. ಎತ್ತಿದ ಮೇಲೆ ಮ್ಯಾನ್ಯುಯಲ್‌ನಲ್ಲಿ ತೋರಿಸಿರುವ ಜಾಗದಲ್ಲೇ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು, ಭಾರ ಪೂರ್ತಿ ಅದರ ಮೇಲೆ ಕೂರಿಸಬೇಕು. ಎತ್ತುವ ಮುಂಚೆಯೇ ಹ್ಯಾಂಡ್ ಬ್ರೇಕ್ ಹಾಕಿ, ಫಸ್ಟ್ ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಬೇಕು. ಕೆಳಗೆ ನುಗ್ಗುವ ಮುಂಚೆ ಗಾಡಿಯನ್ನು ಪಕ್ಕದಿಂದ ಜೋರಾಗಿ ತಳ್ಳಿ ಅಲುಗಿಸಿ ನೋಡಬೇಕು. ಅಲುಗಿದರೆ ಅಲ್ಲಿಗೇ ನಿಲ್ಲಿಸಿ. ಸ್ಟ್ಯಾಂಡ್ ಬದಲು ಇಟ್ಟಿಗೆ, ಹಾಲೋ ಬ್ಲಾಕ್ ಜೋಡಿಸುವವರನ್ನು ನೋಡಿದ್ದೇನೆ. ಹಾಲೋ ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ನಿಮ್ಮ ಸಿಮೆಂಟ್ ಅಂಗಳ ನೀರು ಹರಿಯಲಿ ಅಂತ ಗೇಟಿನ ಕಡೆ ಇಳಿಜಾರು ಮಾಡಿರಬಹುದು. ಹಾಗಿದ್ದರೆ ಅಲ್ಲಿ ಈ ಕೆಲಸ ಬೇಡವೇ ಬೇಡ. ಮನೆಯಲ್ಲಿ ಇನ್ನೊಬ್ಬರು ಪಕ್ಕದಲ್ಲಿರುವ ಹೊತ್ತಿನಲ್ಲೇ ಮಾಡಬೇಕು, ಒಬ್ಬರೇ ಇರುವಾಗ ಬೇಡ.

ಬೋಲ್ಟ್ ಬಿಚ್ಚುವಾಗ ಹೊಸಬರು ಸುಟ್ಟುಕೊಳ್ಳುವುದು ಕೊನೆಯ ಸುತ್ತಿನಲ್ಲಿ. ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದೇ ತಿರುಗಿಸುತ್ತಾ ಬರಬೇಕು. ಥ್ರೆಡ್ ಪೂರ್ತಿ ಬಿಟ್ಟಿತು ಅಂತ ಬೆರಳಿಗೆ ಗೊತ್ತಾದಾಗ ಥಟ್ಟನೆ ಪಕ್ಕಕ್ಕೆ ಎಳೆಯಬೇಕು. ಮೆಲ್ಲಗೆ ಬಿಚ್ಚುತ್ತಾ ಕೂತರೆ ಬಿಸಿ ಆಯಿಲ್ ಬೋಲ್ಟಿನ ಸುತ್ತ ಇಳಿದು, ಅಂಗೈಯಿಂದ ಮೊಣಕೈ ತನಕ ಹರಿದು, ಅಂಗಿಯ ತೋಳಿನೊಳಗೆ ಹೋಗುತ್ತದೆ. ನೈಟ್ರೈಲ್ ಕೈಗವಸು ಹಾಕಿಸಿ. ಹಳೆ ಎಂಜಿನ್ ಆಯಿಲ್ ದಿನಾ ಚರ್ಮಕ್ಕೆ ತಾಗಿದರೆ ಒಳ್ಳೆಯದಲ್ಲ, ಅದರಲ್ಲಿ ಕ್ಯಾನ್ಸರಿಗೆ ದಾರಿ ಮಾಡುವ ಅಂಶಗಳಿವೆ. ನಮ್ಮ ಗ್ಯಾರೇಜಿನ ಹುಡುಗರು ಬರಿಗೈಯಲ್ಲಿ ಮಾಡುತ್ತಾರೆ. ಅದು ಬದಲಾಗಬೇಕು ಅಂತ ನಾನು ಹೇಳುತ್ತಲೇ ಇದ್ದೇನೆ.

ಮನೆಯಲ್ಲಿ ಮಾಡುವವರಿಗೆ ಜಾಕಿಗಿಂತ ದೊಡ್ಡ ಕಗ್ಗಂಟು ಹಳೆ ಆಯಿಲ್. ಮೂರು ಲೀಟರ್ ಕಪ್ಪು ಆಯಿಲ್ ಟ್ರೇಯಲ್ಲಿ ಕೂತಿದೆ. ಎಲ್ಲಿ ಹಾಕುತ್ತೀರಿ? ಚರಂಡಿಗೆ ಸುರಿದರೆ ಕೆರೆಗೆ ಹೋಗುತ್ತದೆ. ಮಣ್ಣಿಗೆ ಸುರಿದರೆ ಬಾವಿ, ಬೋರ್‌ವೆಲ್ ಮುಟ್ಟುತ್ತದೆ. ಒಂದು ಸಲದ ಆಯಿಲ್ ಚೇಂಜಿನ ಹಳೆ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಅನ್ನುತ್ತದೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ. ನಮ್ಮ ದೇಶದಲ್ಲೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೇ. 2024ರ ಏಪ್ರಿಲ್‌ನಿಂದ, ಮಾರಾಟವಾದ ಆಯಿಲಿನ ಒಂದು ಪಾಲು ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆಯನ್ನು ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಹಾಕಿದ್ದಾರೆ.

ನಿಮ್ಮ ಕಡೆ ಈ ಆಯಿಲಿಗೆ ನೂರೆಂಟು ಉಪಯೋಗ ಹೇಳುತ್ತಾರೆ, ನನಗೆ ಗೊತ್ತು. ಗೆದ್ದಲು ಹಿಡಿಯದಿರಲಿ ಅಂತ ತೋಟದ ಬೇಲಿ ಕಂಬಕ್ಕೆ ಬಳಿಯುತ್ತಾರೆ. ಸೆಂಟ್ರಿಂಗ್ ಹಲಗೆಗೆ ಹಚ್ಚುತ್ತಾರೆ. ದನದ ಗಾಯಕ್ಕೆ ಹಚ್ಚುವವರೂ ಇದ್ದಾರೆ. ದನಕ್ಕಂತೂ ಖಂಡಿತ ಬೇಡ, ಅದು ನೆಕ್ಕಿಕೊಳ್ಳುತ್ತದೆ. ಕಂಬಕ್ಕೆ ಬಳಿದದ್ದು ಮೊದಲ ಮಳೆಗೇ ತೊಳೆದು ಮಣ್ಣಿಗೆ ಇಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಅದು ಎಷ್ಟು ದಿನ ನಿಂತೀತು? ಮರಕ್ಕೆ ಹಚ್ಚಲು ಬೇರೆ ಎಣ್ಣೆಗಳು ಸಿಗುತ್ತವೆ.

ಸರಿಯಾದ ದಾರಿ ಹೀಗೆ: ಹಳೆ ಆಯಿಲನ್ನು ಖಾಲಿಯಾದ ಆಯಿಲ್ ಡಬ್ಬಕ್ಕೇ ತುಂಬಿ, ಮುಚ್ಚಳ ಬಿಗಿದು, ಮೇಲೆ ‘ಹಳೆ ಆಯಿಲ್’ ಅಂತ ಬರೆದಿಡಿ. ಅದಕ್ಕೆ ನೀರು, ಕೂಲಂಟ್, ಸೀಮೆಎಣ್ಣೆ, ಪೆಟ್ರೋಲ್ ಯಾವುದನ್ನೂ ಬೆರೆಸಬೇಡಿ. ಬೆರೆಸಿದರೆ ಶುದ್ಧ ಮಾಡಿ ಮತ್ತೆ ಬಳಸಲು ಬರುವುದಿಲ್ಲ. ಫಿಲ್ಟರನ್ನು ಬೋರಲು ಹಾಕಿ ಒಂದು ರಾತ್ರಿ ಬಸಿಯಲು ಬಿಡಿ. ಆಮೇಲೆ ದೊಡ್ಡ ಗ್ಯಾರೇಜು ಅಥವಾ ಸರ್ವಿಸ್ ಸೆಂಟರಿಗೆ ಕೊಟ್ಟುಬನ್ನಿ. ಅವರ ಹತ್ತಿರ ಬ್ಯಾರೆಲ್ ಇರುತ್ತದೆ, ಕೊಳ್ಳುವವರೂ ಬರುತ್ತಾರೆ. ಕೊಡುವ ಮುಂಚೆ ಕೇಳಿ: ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೇ ಹೋಗುತ್ತದಾ, ಅಥವಾ ಬಾಯ್ಲರಿಗೆ ಉರಿಸುವವರಿಗಾ? ಕೇಳುವವರು ಹೆಚ್ಚಾದರೆ ಗ್ಯಾರೇಜಿನವರೂ ಗಮನ ಕೊಡುತ್ತಾರೆ. ಆಯಿಲ್ ಬದಲಿಸುವ ಮುಂಚೆಯೇ ಈ ಜಾಗ ಗೊತ್ತು ಮಾಡಿಕೊಳ್ಳಿ. ಆಗಲಿಲ್ಲ ಅಂದರೆ ಮನೆಯಲ್ಲಿ ಮಾಡಬೇಡಿ. ಗ್ಯಾರೇಜಿನಲ್ಲೇ ಮಾಡಿಸಿ ಅಂತ ನಾನು ಹೇಳಲು ಅರ್ಧ ಕಾರಣ ಇದೇ.

ಎಷ್ಟು ದಿನಕ್ಕೆ ಬದಲಿಸಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಮ್ಮ ಗಾಡಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಿಮ್ಮ ಓಡಾಟಕ್ಕೆ ವರ್ಷಕ್ಕೊಂದು ಸಲ. ಐದು ಸಾವಿರಕ್ಕೇ ಬದಲಿಸಿ ಅನ್ನುವುದು ಹಳೆ ಕಾಲದ ಆಯಿಲಿನ ಮಾತು. ದಿನಾ ಎರಡು ಕಿಲೋಮೀಟರ್ ಮಾತ್ರ ಓಡಿಸುವವರು, ಧೂಳಿನ ರಸ್ತೆಯಲ್ಲೇ ಇರುವವರು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ನಿಲ್ಲುವವರು ಮಾತ್ರ ಸ್ವಲ್ಪ ಮುಂಚೆ ಬದಲಿಸಲಿ. ಕಪ್ಪಾಯಿತು ಅಂತ ಗಾಬರಿ ಬೇಡ. ಆಯಿಲ್ ಕೊಳೆ ಹಿಡಿಯುತ್ತಿದೆ ಅಂತ ಅದರ ಅರ್ಥ.

ನಿಮಗೆ ಅನ್ವಯಿಸದಿದ್ದರೂ ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ವಾರಂಟಿ ಇರುವ ಗಾಡಿಯನ್ನು ಸರ್ವಿಸ್ ಸೆಂಟರಿಗೇ ಕೊಡಿ. ಹೊರಗೆ ರಿಪೇರಿ ಮಾಡಿಸಿದರು ಅನ್ನುವ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟು ರದ್ದು ಮಾಡುವ ಷರತ್ತು ಬೇಡ ಅಂತ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಹೇಳಿದ್ದು ನಿಜ. ಆದರೆ ಕಂಪನಿಗಳು ಅದರ ವಿರುದ್ಧ ಮೇಲ್ಮನವಿ ಹೋದವು. ಮುನ್ನೂರು ರೂಪಾಯಿ ಉಳಿಸಲು ಹೋಗಿ ಎಂಜಿನ್ ವಾರಂಟಿಗೆ ಬಡಿದಾಡುವುದು ಯಾಕೆ? ಇನ್ನು ಬಿಎಸ್6 ಡೀಸೆಲ್ ಗಾಡಿಯವರು. ಹೊಗೆ ಕೊಳವೆಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು, ಸಿಕ್ಕಿದ್ದು ಹಾಕಿದರೆ ಡಿಪಿಎಫ್ ಕಟ್ಟಿಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಆಯಿಲ್ ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಕಂಪ್ಯೂಟರಿಗೂ ತಿಳಿಸಬೇಕು. ಅದನ್ನು ಬಲ್ಲವರ ಹತ್ತಿರವೇ ಮಾಡಿಸಿ.

ಮಗನ ವಿಷಯಕ್ಕೆ ಬರೋಣ. ಮನೆಯಲ್ಲಿ ಗೇರ್‌ಲೆಸ್ ಸ್ಕೂಟರ್ ಇದೆಯಾ? ಇದ್ದರೆ ಮೊದಲು ಅದರಲ್ಲಿ ಕೈ ಪಳಗಲಿ. ಮುಕ್ಕಾಲು ಲೀಟರಿನ ಆಸುಪಾಸು ಆಯಿಲ್, ಜಾಕಿ ಬೇಡ, ಯಾರೂ ಯಾವುದರ ಕೆಳಗೂ ನುಗ್ಗಬೇಕಿಲ್ಲ. ಡ್ರೈನ್ ಬೋಲ್ಟ್, ವಾಷರ್, ಹದವಾದ ಬಿಗಿತ, ಅಳತೆ ನೋಡುವುದು, ಹಳೆ ಆಯಿಲ್ ಜೋಪಾನ ಮಾಡುವುದು, ಎಲ್ಲವನ್ನೂ ಅಲ್ಲೇ ಕಲಿಯಬಹುದು. ಆದರೆ ಕಾರಿಗೆ ಹಾಕಿ ಮಿಕ್ಕ ಆಯಿಲನ್ನು ಸ್ಕೂಟರಿಗೆ ಸುರಿಯಬೇಡಿ. ಸ್ಕೂಟರಿಗೆ ಡಬ್ಬದ ಮೇಲೆ ಜಾಸೊ ಎಂಬಿ ಅಂತ ಇರುವ ಆಯಿಲ್ ಬೇಕು. ಗೇರ್ ಬೈಕಿಗೆ ಜಾಸೊ ಎಂಎ ಅಥವಾ ಎಂಎ2. ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲಿನಲ್ಲಿರುವ ನುಣುಪು ಹೆಚ್ಚಿಸುವ ಅಂಶಕ್ಕೆ ಆ ಪ್ಲೇಟುಗಳು ಜಾರಲು ಶುರುಮಾಡುತ್ತವೆ. ಕಾರಿನದು ಮಿಕ್ಕಿದ್ದರೆ ಡಬ್ಬಕ್ಕೆ ತಾರೀಖು, ಗ್ರೇಡ್ ಬರೆದು ಬಿಸಿಲು ಬೀಳದ ಕಡೆ ಇಡಿ. ತಿಂಗಳಿಗೊಮ್ಮೆ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡುವ ಕೆಲಸ ಮಗನಿಗೆ ವಹಿಸಿ. ಕೆಳಗಿನ ಗುರುತಿನ ಹತ್ತಿರ ಬಂದ ದಿನ ಅದೇ ಡಬ್ಬದಿಂದ ತುಂಬಿಸಿಕೊಳ್ಳಬಹುದು.